ಗ್ಯಾಸ್ ಒಲೆಯೋ, ಕರೆಂಟ್ ಒಲೆಯೋ? ಕೋಲಾರ ಸೀಮೆಯ ಅಡುಗೆಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಮಾತಿನಲ್ಲಿ ಹೇಳಿ, ಯಾವುದು ತಗೊಳ್ಳೋದು?

ಮುದ್ದೆ, ಸಾರು, ರೊಟ್ಟಿ ದಿನವೂ ಆಗುವ ಮನೆಯಾದರೆ ಗ್ಯಾಸ್ ಮುಖ್ಯ ಒಲೆಯಾಗಿರಲಿ. ಪಕ್ಕದಲ್ಲಿ ಒಂದು ಇಂಡಕ್ಷನ್ ಕರೆಂಟ್ ಒಲೆ ಇರಲಿ. ನೀರು, ಹಾಲು, ಅನ್ನ, ಬೇಳೆ ಅದರ ಪಾಲು. ಒಬ್ಬರೇ ಇರುವ ಬಾಡಿಗೆ ರೂಮು, ಗ್ಯಾಸ್ ಸಂಪರ್ಕ ಇನ್ನೂ ಸಿಗದವರು, ಸಿಲಿಂಡರ್ ಎತ್ತಿ ಇಳಿಸಲಾಗದ ವಯಸ್ಸಾದವರು ಇಂಡಕ್ಷನ್ನನ್ನೇ ಮುಖ್ಯ ಮಾಡಿಕೊಂಡರೂ ನಡೆಯುತ್ತದೆ. ಆದರೆ ಅಂಗಡಿಗೆ ಹೋಗುವ ಮುಂಚೆ ಮೂರು ವಿಷಯ ನೋಡಿಕೊಳ್ಳಿ: ಕರೆಂಟ್ ಬಿಲ್, ಅಡುಗೆಮನೆಯ ಸಾಕೆಟ್, ಮನೆಯಲ್ಲಿರುವ ಪಾತ್ರೆಗಳ ತಳ. ಬೆಲೆ, ಬ್ರ್ಯಾಂಡು ಆಮೇಲಿನ ಮಾತು.

ಖರ್ಚಿನಲ್ಲಿ ಯಾವುದು ಅಗ್ಗ?

ಹೆಚ್ಚುಕಮ್ಮಿ ಸಮ. ಇಂಡಕ್ಷನ್ ಅರ್ಧ ಖರ್ಚು ಅನ್ನುವವರೂ, ಕರೆಂಟ್ ಬಿಲ್ ನೋಡಿದರೆ ಎದೆ ಒಡೆಯುತ್ತೆ ಅನ್ನುವವರೂ ಇಬ್ಬರೂ ಲೆಕ್ಕ ಹಾಕಿರುವುದಿಲ್ಲ.

ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ಅದರಲ್ಲಿರುವ ಶಾಖವನ್ನು ಕರೆಂಟಿನ ಅಳತೆಯಲ್ಲಿ ಹೇಳಿದರೆ ಸುಮಾರು 180 ಯೂನಿಟ್. ಆದರೆ ಗ್ಯಾಸ್ ಒಲೆಯ ಉರಿಯಲ್ಲಿ ಪಾತ್ರೆಗೆ ಇಳಿಯುವುದು ನೂರಕ್ಕೆ 60ರಿಂದ 68 ಪಾಲು. ಉಳಿದದ್ದು ಪಾತ್ರೆಯ ಪಕ್ಕದಿಂದ ಮೇಲೆದ್ದು ಅಡುಗೆಮನೆಯನ್ನು ಕಾಯಿಸುತ್ತದೆ. ಇಂಡಕ್ಷನ್‌ನಲ್ಲಿ ಪಾತ್ರೆಯ ತಳವೇ ಕಾಯುವುದರಿಂದ ನೂರಕ್ಕೆ 85ರಷ್ಟು ಅಡುಗೆಗೆ ಸಿಗುತ್ತದೆ. ಹಾಗಾಗಿ ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಇಂಡಕ್ಷನ್‌ಗೆ 130ರಿಂದ 140 ಯೂನಿಟ್ ಬೇಕು.

ನಿಮ್ಮ ಮನೆಗೆ ಲೆಕ್ಕ ಹಾಕಿಕೊಳ್ಳುವುದು ಸುಲಭ. ಸಿಲಿಂಡರಿಗೆ ಕೈಯಿಂದ ನಿಜವಾಗಿ ಹೋಗುವ ದುಡ್ಡನ್ನು, ಮನೆ ಬಾಗಿಲಲ್ಲಿ ಕೊಡುವ ಚಿಲ್ಲರೆಯನ್ನೂ ಸೇರಿಸಿ, ಸಬ್ಸಿಡಿ ಬರುತ್ತಿದ್ದರೆ ಕಳೆದು, 135ರಿಂದ ಭಾಗಿಸಿ. 900 ರೂಪಾಯಿ ಆದರೆ ಉತ್ತರ 6 ರೂ. 67 ಪೈಸೆ. ನಿಮ್ಮ ಕರೆಂಟ್ ಯೂನಿಟ್‌ಗೆ ಅದಕ್ಕಿಂತ ಕಡಿಮೆ ಬಿದ್ದರೆ ಇಂಡಕ್ಷನ್ ಅಗ್ಗ, ಹೆಚ್ಚು ಬಿದ್ದರೆ ಗ್ಯಾಸ್ ಅಗ್ಗ. 2025-26ರ ಮನೆಬಳಕೆ ದರ ಯೂನಿಟ್‌ಗೆ 5 ರೂ. 80 ಪೈಸೆ, ಮೇಲೆ ವಿದ್ಯುತ್ ನೌಕರರ ಪಿಂಚಣಿ-ಗ್ರಾಚ್ಯುಟಿಗೆಂದು 36 ಪೈಸೆ ಸರ್ಚಾರ್ಜ್, ಅದರ ಮೇಲೆ ತೆರಿಗೆ. ಎಲ್ಲ ಸೇರಿ 6 ರೂ. 70 ಪೈಸೆಯ ಆಸುಪಾಸು. ಅಂದರೆ ಈ ದರಗಳಲ್ಲಿ ತಕ್ಕಡಿ ನೆಟ್ಟಗೆ ನಿಲ್ಲುತ್ತದೆ. ಸಿಲಿಂಡರ್ ಬೆಲೆ ಐವತ್ತು ರೂಪಾಯಿ ಏರಿದರೂ ಇಳಿದರೂ ಅದು ಒಂದು ಕಡೆ ವಾಲುತ್ತದೆ.

ಸಣ್ಣ ಅಳತೆಯಲ್ಲಿ ಬೇಕೆಂದರೆ: ಒಂದು ಲೀಟರ್ ನೀರು ಕುದಿಸಲು ಇಂಡಕ್ಷನ್‌ಗೆ ಒಂದು ಯೂನಿಟ್‌ನ ಹತ್ತನೇ ಒಂದು ಪಾಲು, ಗ್ಯಾಸ್‌ಗೆ 11-12 ಗ್ರಾಂ. ಎರಡೂ ಎಪ್ಪತ್ತು ಪೈಸೆಯ ಹತ್ತಿರ.

ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಕರೆಂಟ್ ಉಚಿತ ಅಲ್ಲವೇ? ಹಾಗಾದರೆ ಇಂಡಕ್ಷನ್‌ನಲ್ಲೇ ಎಲ್ಲ ಅಡುಗೆ ಮಾಡಬಹುದಲ್ಲ?

ನಮ್ಮ ಕಡೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ. 200 ಯೂನಿಟ್ ಎಲ್ಲರಿಗೂ ಉಚಿತವಲ್ಲ. 2022-23ರಲ್ಲಿ ನಿಮ್ಮ ಮೀಟರು ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ ನಿಮ್ಮ ಪಾಲು. ತೀರಾ ಕಡಿಮೆ ಬಳಸುವ ಮನೆಗಳಿಗೆ ಶೇ. 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಪಾಲು ದಾಟಿದರೂ 200ರ ಒಳಗಿದ್ದರೆ ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದ ತಿಂಗಳು ಮೊದಲ ಯೂನಿಟ್‌ನಿಂದ ಹಿಡಿದು ಪೂರ್ತಿ ಬಿಲ್ ಕಟ್ಟಬೇಕು.

ನಾಲ್ಕು ಜನರ ಮನೆಗೆ ಒಂದು ಸಿಲಿಂಡರ್ ನಲವತ್ತು ದಿನ ಬರುತ್ತದೆ ಅಂದುಕೊಳ್ಳಿ. ಆ ಅಡುಗೆ ಪೂರ್ತಿ ಇಂಡಕ್ಷನ್‌ಗೆ ಬಂದರೆ ತಿಂಗಳಿಗೆ ಹತ್ತಿರ ಹತ್ತಿರ 100 ಯೂನಿಟ್ ಹೆಚ್ಚುತ್ತದೆ. ಈಗ ಎರಡು ಮನೆ ನೋಡಿ. ಮೊದಲ ಮನೆಯ ಸರಾಸರಿ 70 ಯೂನಿಟ್, ಪಾಲು 77. ಇಂಡಕ್ಷನ್ ಸೇರಿ 170 ಆಗುತ್ತದೆ. 93 ಯೂನಿಟ್‌ಗೆ ಸುಮಾರು 620 ರೂಪಾಯಿ. ಗ್ಯಾಸ್‌ನಲ್ಲೂ ತಿಂಗಳಿಗೆ ಹತ್ತಿರ ಹತ್ತಿರ ಅಷ್ಟೇ ಆಗುತ್ತಿತ್ತು, ನಷ್ಟವಿಲ್ಲ. ಎರಡನೇ ಮನೆಯ ಸರಾಸರಿ 110, ಪಾಲು 121. ಇಂಡಕ್ಷನ್ ಸೇರಿ 210. ಹತ್ತು ಯೂನಿಟ್ ಮೇಲೆ ಹೋದ ತಪ್ಪಿಗೆ 210ಕ್ಕೂ ಬಿಲ್ಲು, 1,400 ರೂಪಾಯಿಗೆ ಮೇಲೆ, ನಿಗದಿತ ಶುಲ್ಕ ಬೇರೆ. ಅದುವರೆಗೆ ಸೊನ್ನೆ ಬಿಲ್ ನೋಡಿದ್ದವರಿಗೆ ಮೀಟರೇ ಕೆಟ್ಟಿದೆ ಅನಿಸುತ್ತದೆ. ಮೀಟರು ಸರಿಯಾಗೇ ಇರುತ್ತದೆ.

ಇದರಲ್ಲಿ ಒಂದು ಲಾಭದ ದಾರಿಯೂ ಇದೆ. ಎಷ್ಟೋ ಮನೆಗಳ ಪಾಲು 90 ಇದ್ದರೆ ಈಗ ಬಳಸುವುದು 60 ಮಾತ್ರ: ಮಕ್ಕಳು ಓದಲು ಬೆಂಗಳೂರಿಗೆ ಹೋಗಿರುತ್ತಾರೆ, ಹಳೇ ಬಲ್ಬು ಎಲ್‌ಇಡಿ ಆಗಿರುತ್ತದೆ. ಆ ಉಳಿದ 30 ಯೂನಿಟ್ ನಿಮ್ಮದೇ, ಬಳಸದಿದ್ದರೆ ಹೋಯಿತು. ಇಂಡಕ್ಷನ್‌ನಲ್ಲಿ ದಿನಕ್ಕೆ ಒಂದು ಯೂನಿಟ್ ಅಂದರೆ ಬೆಳಗಿನ ಹಾಲು, ಕಾಫಿ, ಒಂದು ಕುಕ್ಕರ್ ಅನ್ನ ಮತ್ತು ಕುಡಿಯಲು ಎರಡು ಮೂರು ಲೀಟರ್ ಬಿಸಿನೀರು ಆರಾಮಾಗಿ ಆಗುತ್ತದೆ. ತಿಂಗಳಿಗೆ 200 ರೂಪಾಯಿಯ ಗ್ಯಾಸ್ ಉಳಿಯಿತು. ಹಿಂದಿನ ಆರು ತಿಂಗಳ ಬಿಲ್ ಮುಂದಿಟ್ಟುಕೊಂಡು ನಿಮ್ಮ ಪಾಲು, ನಿಮ್ಮ ಬಳಕೆ ಎರಡನ್ನೂ ಬರೆದುಕೊಳ್ಳಿ. ಎಷ್ಟು ಅಡುಗೆ ಇತ್ತ, ಎಷ್ಟು ಅತ್ತ ಅನ್ನುವುದನ್ನು ಆ ಅಂತರವೇ ಹೇಳುತ್ತದೆ.

ಇಂಡಕ್ಷನ್ ಮೇಲೆ ಮುದ್ದೆ ಆಗುತ್ತಾ?

ಬೇಯುತ್ತೆ. ತೊಳಸೋಕೆ ಆಗಲ್ಲ. ಕೋಲಾರದಲ್ಲಿ ಇಂಡಕ್ಷನ್ ತಂದು ಒಂದೇ ವಾರದಲ್ಲಿ ಅಟ್ಟಕ್ಕೆ ಏರಿಸುವುದು ಇದೇ ಕಾರಣಕ್ಕೆ.

ಗ್ಯಾಸ್ ಒಲೆಯ ಕಬ್ಬಿಣದ ಕಾಲುಗಳ ಮೇಲೆ ಪಾತ್ರೆ ಹಿಡಿದು ನಿಲ್ಲುತ್ತದೆ. ಇಂಡಕ್ಷನ್‌ನ ಗಾಜು ನುಣುಪು. ಕೋಲು ಹಾಕಿ ಬಲವಾಗಿ ತಿರುವಿದರೆ ಪಾತ್ರೆ ಕೋಲಿನ ಜೊತೆಗೇ ಸುತ್ತುತ್ತದೆ, ಗಾಜಿನ ಮೇಲೆ ಗೀರು ಬೀಳುತ್ತದೆ. ಪಾತ್ರೆ ಸ್ವಲ್ಪ ಎದ್ದರೂ ಬೀಪ್ ಎಂದು ಒಲೆ ನಿಲ್ಲುತ್ತದೆ. ಅದುಮಿದ ಜಾಗದಲ್ಲಿ ಗಾಜು ಬಿರುಕು ಬಿಡುವ ಅಪಾಯ ಬೇರೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು: ಮುದ್ದೆಗೆ ಬೇಕಾದದ್ದು ಸಣ್ಣ, ಬಿಡದ ಉರಿ. ಬಹುತೇಕ ಅಗ್ಗದ ಇಂಡಕ್ಷನ್‌ಗಳಲ್ಲಿ 400 ವ್ಯಾಟ್‌ಗೆ ಇಟ್ಟರೆ ನಿಜವಾಗಿ 400 ಹರಿಯುವುದಿಲ್ಲ. ಸಾವಿರದಷ್ಟು ಕೆಲವು ಸೆಕೆಂಡು ಹೊಡೆದು, ಕೆಲವು ಸೆಕೆಂಡು ಸುಮ್ಮನಾಗುತ್ತದೆ. ತೆಳು ತಳದ ಪಾತ್ರೆಯಾದರೆ ಹಿಟ್ಟು ತಳದಲ್ಲಿ ಹತ್ತಿ, ಮೇಲೆ ಹಸಿಯಾಗಿಯೇ ಉಳಿಯುತ್ತದೆ.

ಆದರೂ ಇಂಡಕ್ಷನ್‌ನಲ್ಲೇ ಆಗಬೇಕೆಂದರೆ ಹೀಗೆ ಮಾಡಿ. ದಪ್ಪ ತಳದ, ಎರಡು ಪದರದ ನಡುವೆ ಅಲ್ಯೂಮಿನಿಯಂ ತುಂಬಿದ ಸ್ಟೀಲ್ ಪಾತ್ರೆ ಇರಲಿ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಒಂದು ಚಮಚ ಹಿಟ್ಟು ಕದಡಿ, 1,600 ವ್ಯಾಟ್‌ನಲ್ಲಿ ಎಸರು ಮಳ್ಳಿಸಿ. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಮಧ್ಯೆ ಒಂದು ತೂತು ಮಾಡಿ, ಮುಚ್ಚಿ, 800ಕ್ಕೆ ಇಳಿಸಿ. ಎಸರು ತೂತಿನಿಂದ ಉಕ್ಕಿ ಹಿಟ್ಟಿನ ಮೇಲೆ ಹರಿಯಬೇಕು, ಐದು ನಿಮಿಷ. ಆಮೇಲೆ ಒಲೆ ಆರಿಸಿ ಪಾತ್ರೆಯನ್ನು ನೆಲಕ್ಕೆ ಇಳಿಸಿ, ಸಿಂಬೆಯ ಮೇಲೆ ಕೂರಿಸಿ, ಕಾಲಿನಿಂದಲೋ ಕವೆಗೋಲಿನಿಂದಲೋ ಒತ್ತಿ ಹಿಡಿದು ಗಂಟಿಲ್ಲದಂತೆ ತೊಳಸಿ. ಕೈಗೆ ನೀರು ಮುಟ್ಟಿಸಿ ಹಿಟ್ಟನ್ನು ಮುಟ್ಟಿದರೆ ಅಂಟಬಾರದು. ಅಂಟಿದರೆ ಎರಡು ಚಮಚ ಬಿಸಿನೀರು ಚಿಮುಕಿಸಿ, ಮುಚ್ಚಿ, ಮತ್ತೆ ಒಲೆಗಿಟ್ಟು ಎರಡು ನಿಮಿಷ. ನೆಲದ ಮೇಲೆ ತೊಳಸುವುದು ಹೊಸದೇನಲ್ಲ, ಸೌದೆ ಒಲೆಯ ಕಾಲದಲ್ಲಿ ನಡೆಯುತ್ತಿದ್ದದ್ದೇ.

ಗಾಜಿನ ಮೇಲ್ಮೈಯ ಗ್ಯಾಸ್ ಸ್ಟೌ ಕೊಳ್ಳುವವರೂ ಇದನ್ನು ಗಮನಿಸಿ. ಮುದ್ದೆಯ ಮನೆಗೆ ಸ್ಟೀಲ್ ಸ್ಟೌವೇ ಸರಿ. ಗಾಜು ನೋಡಲು ಚೆಂದ, ಅಷ್ಟೇ.

ಯಾವ ಪಾತ್ರೆ ಇಂಡಕ್ಷನ್‌ಗೆ ಆಗುತ್ತೆ?

ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ತಳಕ್ಕೆ ಇಡಿ. ಗಟ್ಟಿಯಾಗಿ ಕಚ್ಚಿದರೆ ಆಗುತ್ತದೆ, ಜಾರಿದರೆ ಆಗುವುದಿಲ್ಲ. ಅಲ್ಯೂಮಿನಿಯಂ ಬೋಸಿ, ಹಿತ್ತಾಳೆ, ತಾಮ್ರ, ಮಣ್ಣಿನ ಮಡಕೆ ಯಾವುದೂ ಆಗುವುದಿಲ್ಲ. ಮದುವೆಯಲ್ಲಿ ಬಂದ ಸ್ಟೀಲ್ ಪಾತ್ರೆಗಳಲ್ಲಿ ಅರ್ಧಕ್ಕರ್ಧ ಮ್ಯಾಗ್ನೆಟ್ ಕಚ್ಚದವೇ ಇರುತ್ತವೆ, ಸ್ಟೀಲ್ ಅಂದ ಮಾತ್ರಕ್ಕೆ ನಂಬಬೇಡಿ. ತಳ ಚಪ್ಪಟೆಯಾಗಿರಬೇಕು: ಪಾತ್ರೆಯನ್ನು ಬೋರಲು ಹಾಕಿ ಮೇಲೆ ಸ್ಕೇಲ್ ಇಟ್ಟು ನೋಡಿ, ಬೆಳಕು ನುಸುಳಬಾರದು.

ಒಲೆಯ ಬೆಲೆಯ ಜೊತೆಗೆ ಹೊಸ ಕುಕ್ಕರ್, ಎರಡು ಪಾತ್ರೆ, ಒಂದು ತವಾ ಸೇರಿಸಿ ಬಜೆಟ್ ಮಾಡಿ. ಎಷ್ಟೋ ಸಲ ಒಲೆಗಿಂತ ಪಾತ್ರೆಗೇ ಹೆಚ್ಚಾಗುತ್ತದೆ.

ದೋಸೆ, ಅಕ್ಕಿ ರೊಟ್ಟಿ, ಚಪಾತಿ?

ಇಂಡಕ್ಷನ್ ಒಳಗಿನ ತಾಮ್ರದ ಸುರುಳಿ ಹದಿನಾರು ಹದಿನೆಂಟು ಸೆಂಟಿಮೀಟರ್ ಅಗಲ. ದೋಸೆ ಹೆಂಚು ಇಪ್ಪತ್ತೆಂಟು, ಮೂವತ್ತು. ಹಾಗಾಗಿ ನಡುವೆ ಕೆಂಪಗಾಗಿ, ಅಂಚು ಬೆಳ್ಳಗೆ ಉಳಿಯುತ್ತದೆ. ಬೀಡು ಕಬ್ಬಿಣದ ಹೆಂಚನ್ನು 600 ವ್ಯಾಟ್‌ನಲ್ಲಿ ಐದಾರು ನಿಮಿಷ ನಿಧಾನಕ್ಕೆ ಕಾಯಿಸಿ, ಶಾಖ ಅಂಚಿಗೆ ಹರಿದ ಮೇಲೆ ದೋಸೆ ಹಾಕಿದರೆ ವ್ಯತ್ಯಾಸ ಕಡಿಮೆಯಾಗುತ್ತದೆ. ತಣ್ಣನೆಯ ಬೀಡು ಹೆಂಚನ್ನು ಒಮ್ಮೆಲೇ 2,000ಕ್ಕೆ ಇಟ್ಟರೆ ನಡುವೆ ಹಿಗ್ಗಿ ಬಿರುಕು ಬಿಡುತ್ತದೆ. ಮುಳಬಾಗಿಲು ದೋಸೆಯಂತೆ ದಪ್ಪಗೆ ಹುಯ್ದು, ತುಪ್ಪ ಬಿಟ್ಟು, ಅಂಚಿನವರೆಗೆ ಗರಿಯಾಗಬೇಕೆಂದರೆ ಗ್ಯಾಸ್‌ನ ದೊಡ್ಡ ಬರ್ನರೇ ಗತಿ.

ಅಕ್ಕಿ ರೊಟ್ಟಿ ತಟ್ಟುವವರಿಗೆ ಇನ್ನೊಂದು: ತಣ್ಣಗಿನ ಬಾಣಲೆಯಲ್ಲಿ ತಟ್ಟಿ ಒಲೆಗೆ ಇಡುವುದು ರೂಢಿ. ಗುಂಡು ತಳದ ಬಾಣಲೆ ಇಂಡಕ್ಷನ್ ಮೇಲೆ ಕೂರುವುದೇ ಇಲ್ಲ. ಚಪಾತಿ ಹೆಂಚಿನ ಮೇಲೆ ಆಗುತ್ತದೆ, ಉರಿಗೆ ಹಿಡಿದು ಉಬ್ಬಿಸುವ ಫುಲ್ಕಾ ಆಗುವುದಿಲ್ಲ. ಬದನೆಕಾಯಿ ಸುಟ್ಟ ಗೊಜ್ಜು, ಕೆಂಡದ ರುಚಿಯ ಹಪ್ಪಳ ಇವೂ ಗ್ಯಾಸ್‌ನ ಪಾಲು.

ಇಂಡಕ್ಷನ್‌ನಲ್ಲಿ ಬೇಳೆ ಬೇಯಲ್ಲ ಅಂತಾರೆ, ನಿಜವೇ?

ಬೇಳೆ ಬೇಯುತ್ತೆ, ವಿಷಲ್ ಲೆಕ್ಕ ತಪ್ಪುತ್ತೆ. ಗ್ಯಾಸ್‌ನಲ್ಲಿ ಮೊದಲ ವಿಷಲ್ ಬರಲು ಹತ್ತು ನಿಮಿಷ ಹಿಡಿದರೆ 1,800 ವ್ಯಾಟ್‌ನಲ್ಲಿ ಐದಾರು ನಿಮಿಷಕ್ಕೇ ಕೂಗುತ್ತದೆ. ಮೂರು ವಿಷಲ್ ಮೂರೇ ನಿಮಿಷದಲ್ಲಿ ಮುಗಿದು, ಅವರೆಕಾಳೋ ತೊಗರಿಬೇಳೆಯೋ ಕಲ್ಲಿನಂತೆ ಉಳಿಯುತ್ತದೆ. ಮೊದಲ ವಿಷಲ್ ಬಂದ ಕೂಡಲೇ 600-800ಕ್ಕೆ ಇಳಿಸಿ ಗಡಿಯಾರ ನೋಡಿ: ತೊಗರಿಬೇಳೆಗೆ ಎಂಟು ಹತ್ತು ನಿಮಿಷ, ನೆನೆಸಿದ ಹುರುಳಿಗೆ ಹದಿನೈದು ಇಪ್ಪತ್ತು. ಅಂದಹಾಗೆ ನಮ್ಮೂರು ಸಮುದ್ರಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿದೆ. ನೀರು ಕುದಿಯುವುದು 97 ಡಿಗ್ರಿಗೆ. ಕೊಳವೆಬಾವಿಯ ಗಡುಸು ನೀರು ಬೇರೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯದಿದ್ದರೆ ಅದರಲ್ಲಿ ಒಲೆಯ ತಪ್ಪೇನೂ ಇಲ್ಲ.

ಅಡುಗೆಮನೆಯ ಮಾಮೂಲಿ ಪ್ಲಗ್‌ಗೆ ಹಾಕಬಹುದಾ?

ಮಿಕ್ಸಿ ಹಾಕುವ ಸಣ್ಣ 6 ಆಂಪ್ ಸಾಕೆಟ್‌ಗೆ ಖಂಡಿತ ಬೇಡ. 2,000 ವ್ಯಾಟ್‌ನ ಒಲೆ 230 ವೋಲ್ಟ್‌ನಲ್ಲಿ ಎಳೆಯುವುದು 8.7 ಆಂಪ್. ದೊಡ್ಡ ಮೂರು ತೂತಿನ 16 ಆಂಪ್ ಸಾಕೆಟ್ ಬೇಕು. ಅದಕ್ಕೆ ಬೋರ್ಡಿನಿಂದ ನೇರವಾಗಿ ಬರುವ 2.5 ಚದರ ಮಿಲಿಮೀಟರ್ ತಾಮ್ರದ ವೈರು (ದೂರ ಹೆಚ್ಚಿದ್ದರೆ 4), ಪ್ರತ್ಯೇಕ ಎಂಸಿಬಿ (ಭಾರ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ತ್ ಇರಬೇಕು. ಇಡೀ ಮನೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಒಂದಿದ್ದರೆ ಇನ್ನೂ ಒಳ್ಳೆಯದು.

ದೊಡ್ಡ ಪ್ಲಗ್‌ ಸಣ್ಣ ಸಾಕೆಟ್‌ಗೆ ಹೋಗಲೆಂದು ಕನ್ವರ್ಟರ್ ಪಿನ್ ತಂದು ಸಿಕ್ಕಿಸುತ್ತಾರೆ. ಅದರ ಒಳಗಿನ ಹಿತ್ತಾಳೆ ಎಲೆ ತೆಳು, ಹಿಡಿತ ಸಡಿಲ. ಸಡಿಲ ಇದ್ದಲ್ಲಿ ಬಿಸಿ, ಬಿಸಿಯಾದಷ್ಟೂ ಇನ್ನಷ್ಟು ಸಡಿಲ. ಮೊದಲು ಸುಟ್ಟ ಪ್ಲಾಸ್ಟಿಕ್ ವಾಸನೆ, ಆಮೇಲೆ ಪಿನ್ನಿನ ಸುತ್ತ ಕಂದು ಕಲೆ, ಕೊನೆಗೆ ಪ್ಲಗ್ ಸಾಕೆಟ್‌ಗೇ ಕರಗಿ ಅಂಟಿಕೊಳ್ಳುತ್ತದೆ. ಹತ್ತು ನಿಮಿಷ ಒಲೆ ಓಡಿಸಿ, ಆರಿಸಿ, ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಬಂದದ್ದು 1902ರಲ್ಲಿ. ಅಂಥ ಜಿಲ್ಲೆಯಲ್ಲಿ ಇವತ್ತಿಗೂ ಎಷ್ಟೋ ಅಡುಗೆಮನೆಗಳಿಗೆ 16 ಆಂಪ್ ಸಾಕೆಟ್ ಬಂದಿಲ್ಲ ಅನ್ನುವುದು ತಮಾಷೆಯೇ ಸರಿ.

ಮಂಜೂರಾದ ಲೋಡ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿ. 1 ಕಿಲೋವ್ಯಾಟ್ ಇದ್ದರೆ 2,000 ವ್ಯಾಟ್ ಒಲೆ ಒಂದೇ ಅದನ್ನು ದಾಟುತ್ತದೆ. ಬೆಸ್ಕಾಂನಲ್ಲಿ ಲೋಡ್ ಏರಿಸಿಕೊಳ್ಳಿ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಬರುವುದರಿಂದ ಅದೂ ಸ್ವಲ್ಪ ಏರುತ್ತದೆ ಅನ್ನುವುದು ನೆನಪಿರಲಿ.

ನಮ್ಮದು ತೋಟದ ಮನೆ. ಸಂಜೆ ವೋಲ್ಟೇಜ್ ಇರಲ್ಲ. ನಡೆಯುತ್ತಾ?

ಊರೊಳಗಿನ ಮನೆಗಳಿಗೂ ತೋಟದ ಮನೆಗಳಿಗೂ ಲೈನ್ ಬೇರೆ. ಪಂಪ್‌ಸೆಟ್ ಲೈನಿನ ಮೇಲಿದ್ದರೆ ತ್ರೀ ಫೇಸ್ ದಿನಕ್ಕೆ ಏಳು ಗಂಟೆ. ಉಳಿದ ಹೊತ್ತು ಸಿಂಗಲ್ ಫೇಸ್ ಬಂದರೆ ಬಂತು. ಅಂಥ ಕಡೆ ಇಂಡಕ್ಷನ್ ಮೇಲೆ ಮನೆ ನಡೆಸಬೇಡಿ. ಗ್ಯಾಸೇ ಇರಲಿ, ಎರಡು ಸಿಲಿಂಡರಿನ ಸಂಪರ್ಕ ಮಾಡಿಸಿಕೊಳ್ಳಿ.

ವೋಲ್ಟೇಜ್ ಬಿದ್ದಾಗ ಆಗುವುದು ಇದು. ತಂತಿ ಕೆಂಪಗೆ ಕಾಯುವ ಸುರುಳಿ ಒಲೆಯ ಶಾಖ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ: 230ರ ಬದಲು 180 ಬಂದರೆ 2,000 ವ್ಯಾಟ್‌ನ ಒಲೆ 1,225 ವ್ಯಾಟ್‌ನದ್ದಾಗುತ್ತದೆ. ಅನ್ನ ನಿಧಾನ, ಅಷ್ಟೇ. ಇಂಡಕ್ಷನ್ ಆದರೆ ಒಂದು ಮಟ್ಟದವರೆಗೆ ತಾಳಿ, ಆಮೇಲೆ ಎರರ್ ತೋರಿಸಿ ನಿಲ್ಲುತ್ತದೆ. ಆ ಎರರ್ ನಂಬರು ಕಂಪನಿಗೊಂದು ರೀತಿ. ಜೊತೆಗೆ ಬಂದ ಪುಸ್ತಕ ಬಿಸಾಡಬೇಡಿ. ಬಿದ್ದದ್ದಕ್ಕಿಂತ ಕೆಟ್ಟದ್ದು ಒಮ್ಮೆಲೇ ಏರುವುದು. ಕರೆಂಟ್ ಹೋಗಿ ಬಂದ ಕ್ಷಣ, ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲಿನ ಸಂಜೆ ಒಳಗಿನ ಬೋರ್ಡು ಸುಡುವುದು ಸಾಮಾನ್ಯ. ಕರೆಂಟ್ ಹೋದ ಕೂಡಲೇ ಪ್ಲಗ್ ಕಿತ್ತು, ಬಂದ ಐದು ನಿಮಿಷದ ಮೇಲೆ ಹಾಕಿ. ಬೀದಿಗೆಲ್ಲ ವೋಲ್ಟೇಜ್ ಇಲ್ಲದಿದ್ದರೆ ತೊಂದರೆ ಬೀದಿಯ ಟಿಸಿಯಲ್ಲಿದೆ (ಟ್ರಾನ್ಸ್‌ಫಾರ್ಮರ್); ಬೆಸ್ಕಾಂನ 1912ಕ್ಕೆ ದೂರು ಬರೆಸಿ.

ಯುಪಿಎಸ್ ಮೇಲೆ ಇಂಡಕ್ಷನ್ ಓಡುತ್ತಾ?

ಇಲ್ಲ. ಮನೆಯ 900 ವಿಎ ಇನ್ವರ್ಟರ್ ಅಷ್ಟು ಭಾರ ಎಳೆಯುವುದಿಲ್ಲ. 150 ಎಎಚ್ ಬ್ಯಾಟರಿಯಲ್ಲಿ ಪೂರ್ತಿ ತುಂಬಿದಾಗಲೂ ಇರುವುದು 1.8 ಯೂನಿಟ್; ಅದನ್ನು ಪೂರಾ ಹೀರಿದರೆ ಬ್ಯಾಟರಿ ಬೇಗ ಸಾಯುತ್ತದೆ.

ಸೋಲಾರ್ ಹಾಕಿಸಿದರೆ?

ಚಾವಣಿಯ 1 ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000, 3 ಮತ್ತು ಮೇಲ್ಪಟ್ಟರೆ ಒಟ್ಟು 78,000 ರೂಪಾಯಿ ಸಬ್ಸಿಡಿ ಇದೆ. ಒಂದು ಎಚ್ಚರಿಕೆ: ಬ್ಯಾಟರಿಯಿಲ್ಲದ, ಲೈನಿಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ನೆತ್ತಿ ಸುಡುವ ಬಿಸಿಲಿದ್ದರೂ ಒಲೆ ಹತ್ತುವುದಿಲ್ಲ.

ಸುರುಳಿ ಒಲೆ, ಇನ್ಫ್ರಾರೆಡ್, ಇಂಡಕ್ಷನ್ — ವ್ಯತ್ಯಾಸ ಏನು?

ಸುರುಳಿ ಒಲೆ ಅತಿ ಅಗ್ಗ, ಯಾವ ಪಾತ್ರೆಯೂ ಆಗುತ್ತದೆ. ಆದರೆ ಕೆಂಪಗೆ ಕಾಯುವ ತಂತಿಯಲ್ಲೇ ಕರೆಂಟ್ ಹರಿಯುತ್ತಿರುತ್ತದೆ. ತಂತಿ ತೆರೆದಿರುವ ಮಾದರಿಯಲ್ಲಿ ಹಾಲು ಉಕ್ಕಿ ಬಿದ್ದರೆ, ಪಾತ್ರೆ ತಂತಿಗೆ ತಾಕಿದರೆ ಶಾಕ್ ಹೊಡೆಯುತ್ತದೆ. ಮಕ್ಕಳಿರುವ ಮನೆಗೆ ಬೇಡ. ಇನ್ಫ್ರಾರೆಡ್‌ನಲ್ಲಿ ತಂತಿ ಗಾಜಿನ ಕೆಳಗಿರುತ್ತದೆ. ಅಲ್ಯೂಮಿನಿಯಂ, ಹಿತ್ತಾಳೆ, ಚಪ್ಪಟೆ ತಳದ ಯಾವುದನ್ನೂ ಇಡಬಹುದು. ಹಳೇ ಪಾತ್ರೆ ಬಿಡಲು ಮನಸ್ಸಿಲ್ಲದವರಿಗೆ ಇದೇ ಸರಿ. ಕರೆಂಟ್ ಇಂಡಕ್ಷನ್‌ಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ, ಆರಿಸಿದ ಮೇಲೂ ಗಾಜು ಬಹಳ ಹೊತ್ತು ಸುಡುತ್ತಿರುತ್ತದೆ.

ಇಂಡಕ್ಷನ್ ಒಂದೇ ವರ್ಷಕ್ಕೆ ಕೆಡೋದು ಯಾಕೆ?

ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವುದು ಮೊದಲ ಕಾರಣ. ಒಲೆಯ ಗುಂಡಿ ಒತ್ತಿ ಆರಿಸಿದ ಮೇಲೂ ಒಳಗಿನ ಫ್ಯಾನು ಒಂದೆರಡು ನಿಮಿಷ ತಿರುಗುತ್ತದೆ. ಒಳಗೆ ಐಜಿಬಿಟಿ ಎಂಬ ಭಾಗ ಬಿಸಿಯಾಗಿರುತ್ತದೆ, ಅದನ್ನು ತಣಿಸಲೆಂದೇ ಆ ಗಾಳಿ. ಸದ್ದು ನಿಂತ ಮೇಲೆ ಸ್ವಿಚ್ ಆರಿಸಿ.

ಎರಡನೆಯದು ಗಾಳಿ ಕಟ್ಟಿಹೋಗುವುದು. ಕೆಳಗೆ ಪೇಪರ್, ಪ್ಲಾಸ್ಟಿಕ್ ಹಾಸಿದರೆ ಫ್ಯಾನು ಅದನ್ನೇ ಹೀರಿ ಹಿಡಿದುಕೊಳ್ಳುತ್ತದೆ. ಗೋಡೆಯಿಂದ ಒಂದು ಗೇಣು ದೂರ, ಗ್ಯಾಸ್ ಒಲೆಯ ಉರಿಯಿಂದ ಆದಷ್ಟು ದೂರ ಇಡಿ. ಮೂರನೆಯದು ಜಿರಳೆ. ಬೆಚ್ಚಗಿನ ಜಾಗ, ಕೆಳಗೆ ಜಾಲರಿ. ಒಳಹೋಗಿ ಬೋರ್ಡಿನ ಮೇಲೆ ಕೂತು ಶಾರ್ಟ್ ಮಾಡುತ್ತವೆ. ರಾತ್ರಿ ನಿಲ್ಲಿಸಿ ಇಡುವ ಬದಲು ಬಟ್ಟೆ ಚೀಲದಲ್ಲಿ ಕಟ್ಟಿಡಿ, ಆರಿದ ಮೇಲೆ. ನಾಲ್ಕನೆಯದು ಉಕ್ಕಿದ ಹಾಲು ಗುಂಡಿಗಳ ಸಂದಿಗೆ ಇಳಿಯುವುದು. ಒರೆಸುವ ಬಟ್ಟೆ ಹಿಂಡಿರಲಿ. ಬೆಲ್ಲದ ಪಾಕ ಗಾಜಿನ ಮೇಲೆ ಚೆಲ್ಲಿದರೆ ಆರುವ ಮುಂಚೆಯೇ ತೆಗೆಯಿರಿ.

ಗ್ಯಾಸ್ ಒಲೆಯ ಉರಿ ಹಳದಿ, ಪಾತ್ರೆ ತಳ ಮಸಿ. ಸಿಲಿಂಡರ್ ಕೆಟ್ಟದ್ದೇ?

ಬಹುತೇಕ ಅಲ್ಲ. ಗ್ಯಾಸಿಗೆ ಗಾಳಿ ಸಾಲುತ್ತಿಲ್ಲ. ಬರ್ನರ್ ತಟ್ಟೆಯನ್ನು ಆರಿದ ಮೇಲೆ ತೆಗೆದು, ಬಿಸಿನೀರಿನಲ್ಲಿ ನೆನೆಸಿ, ತೂತುಗಳನ್ನು ಸೂಜಿಯಿಂದ ಬಿಡಿಸಿ, ಪೂರ್ತಿ ಒಣಗಿಸಿ ಹಾಕಿ. ಒದ್ದೆ ಬರ್ನರ್ ಕೂಡ ಹಳದಿಯಾಗೇ ಉರಿಯುತ್ತದೆ. ಆಗಲೂ ಸರಿಹೋಗದಿದ್ದರೆ ಕೊಳವೆಯೊಳಗೆ ಜೇಡರ ಬಲೆಯೋ ಧೂಳೋ ಇದೆ, ಇಲ್ಲವೇ ಗ್ಯಾಸ್ ಹೊರಬರುವ ಸಣ್ಣ ತೂತಿನ ಜೆಟ್ ಕೆಟ್ಟಿದೆ. ಉರಿ ಜೋರಾಗಲೆಂದು ಜೆಟ್ಟಿನ ತೂತು ದೊಡ್ಡದು ಮಾಡಿಕೊಡುವ ರಿಪೇರಿಯವರಿದ್ದಾರೆ. ಒಪ್ಪಬೇಡಿ. ಗ್ಯಾಸ್ ಹೆಚ್ಚು ಹೋಗುತ್ತದೆ, ಗಾಳಿ ಅಷ್ಟೇ ಇರುತ್ತದೆ, ಮಸಿ ದುಪ್ಪಟ್ಟಾಗುತ್ತದೆ.

ಗ್ಯಾಸ್ ಇಟ್ಟುಕೊಳ್ಳುವವರು ತಪ್ಪದೇ ನೋಡಬೇಕಾದ್ದು?

ಸಿಲಿಂಡರ್ ತಂದವರ ಮುಂದೆಯೇ ಸೀಲ್ ಬಿಡಿಸಿ, ವಾಲ್ವ್‌ನೊಳಗೆ ಕಪ್ಪು ರಬ್ಬರ್ ರಿಂಗ್ ಇದೆಯೇ ನೋಡಿ. ಅದಿಲ್ಲದಿದ್ದರೆ ರೆಗ್ಯುಲೇಟರ್ ಹಾಕಿದ ಕೂಡಲೇ ಸೋರುತ್ತದೆ. ತೂಕ ಹಾಕಿಸಿ: ಸಿಲಿಂಡರಿನ ಮೇಲಿನ ಬಳೆಯನ್ನು ಹಿಡಿದ ಪಟ್ಟಿಯ ಮೇಲೆ ಬರೆದ ಖಾಲಿ ತೂಕಕ್ಕೆ 14.2 ಸೇರಿಸಿದಷ್ಟು ಬರಬೇಕು. ಅಲ್ಲೇ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರವೊಂದು ಇಸವಿಯ ಜೊತೆ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಮುಂದಿನ ತಪಾಸಣೆ ಆಗಬೇಕಾದ ಅವಧಿ ಅದು, ದಾಟಿದ್ದರೆ ವಾಪಸ್ ಕಳಿಸಿ. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್ ಐದು ವರ್ಷಕ್ಕೊಮ್ಮೆ ಬದಲಾಗಲಿ, ಒಂದೂವರೆ ಮೀಟರಿಗಿಂತ ಉದ್ದ ಬೇಡ. ಸಿಲಿಂಡರ್ ಸದಾ ನೆಟ್ಟಗೆ ನಿಂತಿರಲಿ. ಕೊನೆಯ ಗ್ಯಾಸ್ ಬರಲೆಂದು ಮಲಗಿಸುವುದು, ಬಿಸಿನೀರಲ್ಲಿ ಇಡುವುದು ಎರಡೂ ಅಪಾಯ.

ವಾಸನೆ ಬಂದರೆ ಬೆಂಕಿಕಡ್ಡಿ ಗೀರಿ ನೋಡಬೇಡಿ, ಸೋಪಿನ ನೊರೆ ಹಚ್ಚಿ ನೋಡಿ. ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ನಿಲ್ಲುತ್ತದೆ. ಹಾಗಾಗಿ ಕಿಟಕಿಯಷ್ಟೇ ಅಲ್ಲ, ಬಾಗಿಲೂ ತೆರೆಯಿರಿ. ಲೈಟು ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ತುಮಕೂರಿನ ನಮ್ಮ ಬಡಾವಣೆಗೆ ಪೈಪ್ ಗ್ಯಾಸ್ ಬಂದಿದೆ. ಹಳೇ ಸ್ಟೌ ಆಗುತ್ತಾ?

ಜೆಟ್ ಬದಲಿಸಿದರೆ ಆಗುತ್ತದೆ. ಪೈಪಿನ ಗ್ಯಾಸ್‌ಗೆ ಒತ್ತಡ ಕಡಿಮೆ, ಒಂದೇ ಅಳತೆಯ ಗ್ಯಾಸ್‌ನಲ್ಲಿ ಶಾಖವೂ ಕಡಿಮೆ. ದೊಡ್ಡ ತೂತಿನ ಜೆಟ್ ಬೇಕು. ಸಂಪರ್ಕ ಕೊಡುವವರೇ ಬದಲಿಸಿಕೊಡುತ್ತಾರೆ. ಮತ್ತೆ ಸಿಲಿಂಡರಿಗೆ ಹೋದರೆ ಹಳೇ ಜೆಟ್ಟನ್ನೇ ಹಾಕಿಸಬೇಕು, ಅದನ್ನು ಒಂದು ಡಬ್ಬಿಯಲ್ಲಿ ಎತ್ತಿಡಿ. ಮರೆತು ದೊಡ್ಡ ಜೆಟ್ಟಿನಲ್ಲೇ ಸಿಲಿಂಡರ್ ಗ್ಯಾಸ್ ಹತ್ತಿಸಿದರೆ ಉರಿ ಮೊಣಕೈ ಎತ್ತರ ಏಳುತ್ತದೆ.

ಪೇಸ್‌ಮೇಕರ್ ಹಾಕಿಸಿಕೊಂಡವರು ಇಂಡಕ್ಷನ್ ಬಳಸಬಹುದಾ?

ಹಾಕಿದ ವೈದ್ಯರನ್ನು ಕೇಳಿ. ಸಾಮಾನ್ಯ ಸಲಹೆ: ಎದೆಗೂ ಒಲೆಗೂ ಕನಿಷ್ಠ ಎರಡಡಿ ಅಂತರ. ಬಗ್ಗಿ ಒಗ್ಗರಣೆ ಹಾಕುವವರಿಗೆ ಆ ಅಂತರ ಉಳಿಯುವುದಿಲ್ಲ, ಅವರಿಗೆ ಗ್ಯಾಸೇ ಸಲೀಸು.

ಸ್ನಾನದ ನೀರು ಯಾವುದರಲ್ಲಿ ಕಾಯಿಸೋದು?

ಎರಡರಲ್ಲೂ ಬೇಡ. ಒಂದು ಬಕೆಟ್ ನೀರಿಗೆ ಅರ್ಧ ಯೂನಿಟ್‌ಗೂ ಮೇಲೆ ಬೇಕು. ನಾಲ್ಕು ಜನಕ್ಕೆ ದಿನಕ್ಕೆ ಎರಡು ಯೂನಿಟ್ ದಾಟುತ್ತದೆ, ತಿಂಗಳಿಗೆ ಅರವತ್ತು. ಗೃಹಜ್ಯೋತಿಯ ಲೆಕ್ಕ ತಲೆಕೆಳಗಾಗುವುದು ಅಡುಗೆಗಿಂತ ಹೆಚ್ಚಾಗಿ ಇದರಿಂದಲೇ. ಹಿತ್ತಲಿನ ಹಂಡೆ ಒಲೆಯೋ ಚಾವಣಿಯ ಸೋಲಾರ್ ಹೀಟರೋ ಇದ್ದರೆ ಅದನ್ನು ಬಿಡಬೇಡಿ.